ನೂರಾ ಆರನೆಯ ಭಾಗಾಕಾರ

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರಿಂದ ರಾಜಶೇಖರನಿಗೆ ಖುಷಿಯಾಗುವ ಬದಲು ಕಸಿವಿಸಿಯಾಯಿತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಕಮ್ಮನಹಳ್ಳಿಯಿಂದ ಶಿವಾಜಿನಗರಕ್ಕೆ ಹೋಗುವ ಬಸ್ಸು ಅರ್ಧ ಖಾಲಿ. ನಿಂತುಕೊಂಡು, ಯಾರದೋ ಮೊಣಕೈಯಿಂದ ಪಕ್ಕೆಗೆ ತಿವಿಸಿಕೊಂಡು ಹೋಗಿದ್ದರೆ ಮಾಡಿದ ಕೆಲಸಕ್ಕೆ ತಕ್ಕ ಪ್ರಯಾಣವಾಗುತ್ತಿತ್ತು ಎನ್ನಿಸಿತು. ತೊಡೆಯ ಮೇಲಿನ ಚೀಲದಲ್ಲಿ ಒಂದು ನೋಟ್‌ಬುಕ್ಕು. ನೀಲಿ ರಟ್ಟಿನದು, ಲೇಬಲ್ಲಿನ ಮೇಲೆ ‘ಬುಷ್ರಾ, ಪ್ರಥಮ ಪಿಯುಸಿ, ಗಣಿತ’ ಎಂದು ದುಂಡಗೆ ಬರೆದದ್ದು. ಅದನ್ನು ಆ ಹುಡುಗಿಗೆ ವಾಪಸು ಕೊಡಬೇಕು, ಅವಳ ಅಪ್ಪನೆದುರು ‘ತಪ್ಪು ನನ್ನದು, ನಿಮ್ಮ ಮಗಳದ್ದಲ್ಲ’ ಎನ್ನಬೇಕು, ಎದ್ದು ಬರಬೇಕು. ಎರಡು ನಿಮಿಷದ ಮಾತು. ಈ ಎರಡು ನಿಮಿಷಕ್ಕೆ ಅವನು ಆರು ದಿನ ತೆಗೆದುಕೊಂಡಿದ್ದ. ಮಂಗಳವಾರ ಮೈ ಬೆಚ್ಚಗಾದಂತೆನಿಸಿತು, ಬುಧವಾರ ಮಳೆ, ಗುರುವಾರ ಅವಳೇ ಕ್ಲಾಸಿಗೆ ಬರಬಹುದೆಂದು ಕಾದ, ಶುಕ್ರವಾರ ಅವರು ನಮಾಜಿಗೆ ಹೋಗಿರುತ್ತಾರೆ ಎಂದುಕೊಂಡ, ಶನಿವಾರಕ್ಕೆ ಯಾವ ನೆಪವೂ ಹೊಳೆಯದೆ ಸುಮ್ಮನೆ ಮಲಗಿಬಿಟ್ಟ. ನಲವತ್ತೇಳು ವರ್ಷದ ಮನುಷ್ಯ, ಮೂವತ್ತು ಮಕ್ಕಳಿಗೆ ಮೇಷ್ಟ್ರು, ಹೋಂವರ್ಕ್ ಮಾಡದ ಹುಡುಗನ ಹಾಗೆ ಹೊಟ್ಟೆನೋವಿನ ನೆಪ ಹುಡುಕುತ್ತಿದ್ದೇನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಕಂಡಕ್ಟರ್ ಚಿಲ್ಲರೆ ಕೇಳಿದಾಗಲೂ ಬೈದಂತೆಯೇ ಕೇಳಿಸಿತು.

ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಅವನ ಟ್ಯೂಷನ್. ಪ್ರತಿ ವರ್ಷ ಹೊಸ ಬ್ಯಾಚಿನ ಮೊದಲ ದಿನ ಬೋರ್ಡಿನ ಮೇಲೆ ಒಂದು ಸಂಖ್ಯೆ ಬರೆಯುತ್ತಾನೆ: 9,99,941. ಹತ್ತು ಲಕ್ಷಕ್ಕೆ ಐವತ್ತೊಂಬತ್ತು ಕಡಿಮೆ. ಇದನ್ನು ಒಡೆಯಿರಿ ನೋಡೋಣ, ಎರಡು ಸಣ್ಣ ಸಂಖ್ಯೆಗಳ ಗುಣಲಬ್ಧವಾಗಿ ಬರೆಯಿರಿ ನೋಡೋಣ ಎನ್ನುತ್ತಾನೆ. ಮಕ್ಕಳು ಮೂರರಿಂದ, ಏಳರಿಂದ, ಹದಿಮೂರರಿಂದ ಭಾಗಿಸಿ ಸುಸ್ತಾಗುತ್ತಾರೆ. ಆಮೇಲೆ ಅವನು ಚಾಕ್‌ಪೀಸು ಕೆಳಗಿಟ್ಟು, ಕೈ ಕೊಡವಿಕೊಂಡು, ನಿಧಾನವಾಗಿ ಕಥೆ ಶುರು ಮಾಡುತ್ತಾನೆ. ಇದು ಅವಿಭಾಜ್ಯ ಸಂಖ್ಯೆ, ಯಾರಿಗೂ ಬಗ್ಗುವುದಿಲ್ಲ. ಹಾಗೆಂದು ಖಚಿತವಾಗಿ ಹೇಳಬೇಕಾದರೆ ಸಾವಿರದೊಳಗಿನ ಅವಿಭಾಜ್ಯ ಸಂಖ್ಯೆಗಳಿಂದೆಲ್ಲ ಭಾಗಿಸಿ ನೋಡಬೇಕು. ಅವು ನೂರ ಅರವತ್ತೆಂಟಿವೆ. ಧಾರವಾಡದ ಹಾಸ್ಟೆಲಿನಲ್ಲಿ, ಬಿಎಸ್ಸಿ ಎರಡನೇ ವರ್ಷದಲ್ಲಿ, ಅವನು ನೂರ ಅರವತ್ತೆಂಟರಿಂದಲೂ ಕೈಯಲ್ಲೇ ಭಾಗಿಸಿದ್ದಾನೆ. ಒಂದೂ ಶೇಷವಿಲ್ಲದೆ ಹೋಗಲಿಲ್ಲ. ಮೊದಮೊದಲು ಕಥೆಯಲ್ಲಿ ಎರಡು ದಿನವಿತ್ತು, ಆಮೇಲೆ ಮೂರು ದಿನವಾಯಿತು. ಒಂದು ಬ್ಯಾಚಿಗೆ ಕರೆಂಟು ಹೋಯಿತು, ಇನ್ನೊಂದು ಬ್ಯಾಚಿಗೆ ನೂರೆರಡು ಡಿಗ್ರಿ ಜ್ವರವೂ ಬಂತು. ಮೊಬೈಲು ಬಂದ ಮೇಲೆ ಯಾವ ಮಗುವಾದರೂ ಒಂದು ಕ್ಷಣ ಒತ್ತಿ ನೋಡಬಹುದಿತ್ತು. ಯಾರೂ ನೋಡಲಿಲ್ಲ, ಸಿಇಟಿಗೆ ಬರುವ ಪ್ರಶ್ನೆ ಅದಲ್ಲವಲ್ಲ. ಅವನೂ ನೋಡಲಿಲ್ಲ. ಫೋನು ಕೈಯಲ್ಲಿದ್ದು ಬೇರೇನೂ ಕೆಲಸವಿಲ್ಲದ ಎಷ್ಟೋ ಹೊತ್ತಿನಲ್ಲಿ ಆ ಆರು ಅಂಕಿಗಳು ಬೆರಳ ತುದಿಗೆ ಬಂದಿವೆ, ಅವನು ಫೋನನ್ನು ಮಗುಚಿ ಇಟ್ಟಿದ್ದಾನೆ. ಹೆಣ್ಣು ನೋಡಲು ಹೋದಾಗ ಇದೇ ಕಥೆಯನ್ನು ಭಾವೀ ಮಾವನಿಗೆ ಹೇಳಿದ್ದ. ಆ ಹಿರಿಯರು ಗದುಗಿನ ಪಡಸಾಲೆಯಲ್ಲಿ ಕೂತು, “ಮೂರು ದಿನಾ ಕುಂತು ಮಾಡ್ಯಾನಂದ್ರ ಹುಡುಗ ಗಟ್ಟಿ ಅದಾನ” ಎಂದು ತಲೆದೂಗಿದ್ದರು. ಪ್ರತಿಭಾ ಅವನ ಹೆಂಡತಿಯಾಗಿದ್ದರಲ್ಲಿ ಆ ಸಂಖ್ಯೆಯ ಪಾಲೂ ಇತ್ತು.

ಅವನು ಮಾಡಿದ್ದು ನೂರು ಭಾಗಾಕಾರ ಮಾತ್ರ. ಈ ವಿಷಯ ಗೊತ್ತಿದ್ದವನು ಲೋಕದಲ್ಲಿ ಅವನೊಬ್ಬನೇ, ಅವನೂ ಅದನ್ನು ಹೆಚ್ಚುಕಡಿಮೆ ಮರೆತಿದ್ದ. ಐನೂರ ನಲವತ್ತೊಂದು ನೂರನೆಯ ಅವಿಭಾಜ್ಯ ಸಂಖ್ಯೆ. ಅದರಿಂದ ಭಾಗಿಸಿದಾಗ ನೂರ ಎಪ್ಪತ್ತಮೂರು ಉಳಿಯಿತು. ಅಷ್ಟು ಹೊತ್ತಿಗೆ ಕೆಳಗೆ ಮೆಸ್ಸಿನ ಗಂಟೆ ಬಾರಿಸಿದರು, ಅಂದು ಹೋಳಿಗೆ ಊಟ. ಕೋಣೆಯ ಗೆಳೆಯ ಸಂಗನಬಸಪ್ಪ ಬಾಗಿಲಲ್ಲಿ ನಿಂತು “ಮುಗೀತೇನಲೇ?” ಎಂದ. ಇನ್ನೂ ಅರವತ್ತೆಂಟು ಬಾಕಿ ಇದೆ ಎನ್ನಲು ಬಾಯಿ ತೆರೆದವನು “ಮುಗೀತು, ಒಂದೂ ಹೋಗ್ಲಿಲ್ಲ ನೋಡು” ಎಂದುಬಿಟ್ಟ. ಯಾಕೆ ಹಾಗೆಂದನೋ ದೇವರಾಣೆಗೂ ಅವನಿಗೆ ಗೊತ್ತಿಲ್ಲ. ಸಂಗನಬಸಪ್ಪ ಬೆನ್ನ ಮೇಲೆ ಗುದ್ದಿ “ಭಲೆ” ಎಂದ, ಮೆಸ್ಸಿನಲ್ಲಿ ನಾಲ್ಕು ಜನಕ್ಕೆ ಹೇಳಿದ, ಅವರು ತಿರುಗಿ ನೋಡಿದರು. ಅದುವರೆಗೆ ಯಾರೂ ತಿರುಗಿ ನೋಡದಿದ್ದ ಹುಡುಗನಿಗೆ ಅಂದಿನ ಹೋಳಿಗೆ ಬಹಳ ರುಚಿಯಾಗಿತ್ತು. ನಾಳೆ ಉಳಿದದ್ದು ಮಾಡಿ ಮುಗಿಸಿದರಾಯಿತು ಎಂದುಕೊಂಡ. ಕೋಲ್ಸ್ ಪಾರ್ಕಿನ ಹತ್ತಿರ ಬಸ್ಸು ನಿಂತು, ಯಾರೋ ಹೆಂಗಸು ಪಕ್ಕದಲ್ಲಿ ಕೂತು, “ಸ್ವಲ್ಪ ಸರೀರಿ” ಎಂದಾಗ ಅವನು ಬೇಕಾದ್ದಕ್ಕಿಂತ ಹೆಚ್ಚು ಸರಿದು ಕಿಟಕಿಗೆ ಅಂಟಿಕೊಂಡ.

ಕಳೆದ ಸೋಮವಾರ ಬುಷ್ರಾ ಕೈ ಎತ್ತಿದ್ದಳು. ಸಂಖ್ಯೆ ಬರೆದು ಹೇಳಿ ಮೂರು ವಾರ ಕಳೆದಿತ್ತು, ಎಲ್ಲರೂ ಮರೆತಿದ್ದರು. ಮಾತು ಕಡಿಮೆಯ ಹುಡುಗಿ, ಶಿವಾಜಿನಗರದಿಂದ ಬಸ್ಸಿನಲ್ಲಿ ಬಂದು ಮೂರನೇ ಬೆಂಚಿನ ಗೋಡೆ ಪಕ್ಕ ಕೂರುವವಳು. “ಸರ್, ಆ ನಂಬರು ಪ್ರೈಮ್ ಅಲ್ಲ ಅನ್ಸುತ್ತೆ” ಎಂದಳು. ಅವನು ನಕ್ಕು ಬೋರ್ಡಿನ ಕಡೆ ಕೈ ತೋರಿಸಿದ. ಅವಳು ಬಂದು ಎರಡೇ ಸಾಲು ಬರೆದಳು. ಒಂಬೈನೂರ ಇಪ್ಪತ್ತೊಂಬತ್ತರ ವರ್ಗಕ್ಕೆ ಮುನ್ನೂರ ಎಪ್ಪತ್ತರ ವರ್ಗ ಕೂಡಿಸಿದರೆ ಆ ಸಂಖ್ಯೆ ಬರುತ್ತದೆ. ಎಂಟುನೂರ ತೊಂಬತ್ತೈದರ ವರ್ಗಕ್ಕೆ ನಾನೂರ ನಲವತ್ತಾರರ ವರ್ಗ ಕೂಡಿಸಿದರೂ ಅದೇ ಬರುತ್ತದೆ. ರಾಜಶೇಖರ ಎರಡೂ ಸಾಲನ್ನು ಮನಸ್ಸಿನಲ್ಲೇ ಕೂಡಿಸಿ ನೋಡಿದ, ಸರಿಯಾಗಿತ್ತು. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬಂದರೆ ಅದು ಒಂದೇ ರೀತಿಯಲ್ಲಿ ಬರುತ್ತದೆ, ಎರಡು ರೀತಿಯಲ್ಲಿ ಎಂದೂ ಬರುವುದಿಲ್ಲ. ಇದನ್ನು ಅವನು ಓದಿದ್ದ, ಅವನೇ ಒಮ್ಮೆ ಪಾಠದ ಮಧ್ಯೆ ಹೇಳಿಯೂ ಇದ್ದ. ಉಳಿದ ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ. ಅದೇ ಅವನಿಗೆ ಧೈರ್ಯ ಕೊಟ್ಟಿತು.

“ಫ್ಯಾಕ್ಟರ್ಸ್ ಎಲ್ಲಿ?” ಎಂದ.

“ಇನ್ನೂ ಸಿಕ್ಕಿಲ್ಲ ಸರ್. ಆದ್ರೆ ಎರಡು ಥರ ಬಂದ್ರೆ ಇರ್ಲೇಬೇಕಲ್ವಾ?”

“ಯಾವ ಆ್ಯಪಲ್ಲಿ ನೋಡ್ಕೊಂಡು ಬಂದೆ?”

“ಇಲ್ಲ ಸರ್, ನಾನೇ ಮಾಡ್ದೆ.”

“ಬ್ಯಾಗ್ ತಗೊಂಡ್ ಬಾ.”

ಬ್ಯಾಗಿನಲ್ಲಿ ಫೋನಿತ್ತು. ಯಾರ ಬ್ಯಾಗಿನಲ್ಲಿ ಇರುವುದಿಲ್ಲ? ಅವನು ಅದನ್ನು ಎತ್ತಿ ಕ್ಲಾಸಿಗೆ ತೋರಿಸಿದ. ಹಿಂದಿನಿಂದ ಯಾರೋ “ಗೂಗಲ್ ಮೇಡಂ” ಎಂದರು, ಕೋಣೆಯೆಲ್ಲ ನಕ್ಕಿತು. ಅವನೂ ನಕ್ಕ. ಆಮೇಲೆ ಎಲ್ಲರ ಎದುರಿಗೇ ಅವಳ ಅಪ್ಪನಿಗೆ ಫೋನ್ ಮಾಡಿ, ನಿಮ್ಮ ಮಗಳು ಫೋನಿನಲ್ಲಿ ಕದ್ದು ಬರೆದು ನಾನೇ ಮಾಡಿದ್ದೆಂದು ಸುಳ್ಳು ಹೇಳುತ್ತಿದ್ದಾಳೆ ಎಂದ. ನೋಟ್‌ಬುಕ್ಕು ಕಿತ್ತುಕೊಂಡ. ಅವಳು ಅಳಲಿಲ್ಲ. ಚಾಕ್‌ಪೀಸನ್ನು ಬೋರ್ಡಿನ ಪಟ್ಟಿಯ ಮೇಲೆ ಜೋಪಾನವಾಗಿಟ್ಟು, ಕೈಯನ್ನು ದುಪಟ್ಟಾಗೆ ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು. ಬೋರ್ಡಿನ ಮೇಲಿನ ಎರಡು ಸಾಲನ್ನು ಅವನೇ ಅಳಿಸಿದ. ಅಷ್ಟು ಬೇಗ ಅವನು ಯಾವತ್ತೂ ಬೋರ್ಡು ಒರೆಸಿದವನಲ್ಲ.

ಮಂಗಳವಾರ ಬೆಳಿಗ್ಗೆ ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ ನೋಟ್‌ಬುಕ್ಕು ತೆರೆದ. ಹಿಂದಿನ ಪುಟಗಳಲ್ಲಿ ವ್ಯವಕಲನ, ಪುಟದ ಮೇಲೆ ಪುಟ. ಆ ಸಂಖ್ಯೆಯಿಂದ ಒಂಬೈನೂರ ತೊಂಬತ್ತೊಂಬತ್ತರ ವರ್ಗ ಕಳೆದು, ಉಳಿದದ್ದು ಇನ್ನೊಂದು ವರ್ಗವೇ ಎಂದು ನೋಡಿದ್ದಳು, ಅಲ್ಲ. ಆಮೇಲೆ ಒಂಬೈನೂರ ತೊಂಬತ್ತೆಂಟರದು, ಅಲ್ಲ. ಹೀಗೆ ಒಂದೊಂದಾಗಿ ಇಳಿಯುತ್ತ, ಎಪ್ಪತ್ತೊಂದನೆಯದರಲ್ಲಿ ಮೊದಲನೆಯ ಜೋಡಿ ಸಿಕ್ಕಿತ್ತು. ಅಲ್ಲಿ ಒಂದು ಪುಟ್ಟ ನಕ್ಷತ್ರ ಹಾಕಿದ್ದಳು. ಬೇರೆ ಯಾರಾದರೂ ಅಲ್ಲಿಗೆ ಪೆನ್ನು ಮುಚ್ಚುತ್ತಿದ್ದರು. ಇವಳು ಮುಂದುವರಿದಿದ್ದಳು, ನೂರಾ ಐದನೆಯದರಲ್ಲಿ ಎರಡನೆಯ ಜೋಡಿ. ಅಲ್ಲಲ್ಲಿ ಕಾಟು ಹಾಕಿ ಮತ್ತೆ ಮಾಡಿದ್ದಳು, ಎಣ್ಣೆಯ ಬೆರಳಿನ ಗುರುತಿತ್ತು, ಒಂದು ಕಡೆ ಇಂಕು ಮುಗಿದು ಪೆನ್ಸಿಲ್ಲಿನಲ್ಲಿ ಬರೆದಿದ್ದಳು. ಯಾವ ಆ್ಯಪೂ ಹೀಗೆ ಬೆವರುವುದಿಲ್ಲ. ರಾಜಶೇಖರ ಪಂಚಾಂಗದ ಹಾಳೆಯೊಂದನ್ನು ಹರಿದು, ಅದರ ಹಿಂಬದಿಯಲ್ಲಿ, ಇಪ್ಪತ್ತೇಳು ವರ್ಷದ ಹಿಂದೆ ಬಿಟ್ಟ ಕಡೆಯಿಂದ ಶುರು ಮಾಡಿದ. ಐನೂರ ನಲವತ್ತೇಳು: ಶೇಷ ಇಪ್ಪತ್ತೈದು. ಐನೂರ ಐವತ್ತೇಳು: ನೂರ ಇಪ್ಪತ್ತಾರು. ಐನೂರ ಅರವತ್ತಮೂರು: ಐವತ್ತಮೂರು. ಆಮೇಲೆ ಇನ್ನೆರಡು. ಆರನೆಯದು ಐನೂರ ಎಪ್ಪತ್ತೇಳು. ಕೊನೆಯ ಸಾಲಿನಲ್ಲಿ ಸಾವಿರದ ಏಳುನೂರ ಮೂವತ್ತೊಂದರಿಂದ ಐನೂರ ಎಪ್ಪತ್ತೇಳರ ಮೂರರಷ್ಟನ್ನು ಕಳೆಯಲು ಹೋಗಿ ಅಂಕಿ ಕಣ್ಣ ಮುಂದೆ ಕದಡಿತು, ಕಾಟು ಹಾಕಿ ಮತ್ತೆ ಕಳೆದ. ಏನೂ ಉಳಿಯಲಿಲ್ಲ.

ಗಡಿಯಾರ ನೋಡಿದ. ಹದಿನೇಳು ನಿಮಿಷ ಹಿಡಿದಿತ್ತು. ಮಾರತ್ತಹಳ್ಳಿಯ ಆಫೀಸಿಗೆ ಹೊರಟಿದ್ದ ಪ್ರತಿಭಾ ಬ್ಯಾಗು ಹೆಗಲಿಗೇರಿಸಿ ಇಣುಕಿ, “ಏನ್ರೀ, ಹುಡುಗರ ಹೋಂವರ್ಕು ನೀವ ಮಾಡಾಕತ್ತೀರೇನು?” ಎಂದು ನಕ್ಕಳು. ಅವನು ಹಾಳೆಯನ್ನು ಮಡಿಚಿ ಅಂಗಿಯ ಜೇಬಿಗೆ ತುರುಕಿದ. ಇವಳಿಗೆ ಹೇಳಲೇ ಎನ್ನಿಸಿತು. ಹದಿನೆಂಟು ವರ್ಷ ಜೊತೆಗೆ ಬಾಳಿದವಳು, ಕೇಳಿದರೆ ನಕ್ಕುಬಿಟ್ಟಾಳು. ಆದರೆ ಆ ನಗುವಿನ ಆಚೆ ಅವಳು ಸದ್ದಿಲ್ಲದೆ ಇನ್ನೂ ಏನೇನನ್ನೋ ತೂಗಿ ನೋಡತೊಡಗಿದರೆ? ಇದು ಸುಳ್ಳಾದರೆ ಇನ್ನು ಯಾವುದೆಲ್ಲ ಸುಳ್ಳು? “ಉಪ್ಪಿಟ್ಟು ಆರಿ ಹೋಗೇತಿ, ತಿನ್ರಿ” ಎಂದು ಅವಳು ಹೋದಳು. ಅವನು ಆರಿದ ಉಪ್ಪಿಟ್ಟನ್ನು ಪೂರ್ತಿ ತಿಂದ.

ಶಿವಾಜಿನಗರದ ನಿಲ್ದಾಣದಲ್ಲಿ ಇಳಿದು, ಹಣ್ಣಿನ ಗಾಡಿಗಳ ನಡುವೆ ದಾರಿ ಮಾಡಿಕೊಂಡು, ಎರಡು ಕಡೆ ಕೇಳಿ ಅಡ್ಡರಸ್ತೆ ಹಿಡಿದ. ಬುಷ್ರಾಳ ಅಪ್ಪ ಹಬೀಬ್ ಅವರದು ಹೊಲಿಗೆ ಯಂತ್ರ ರಿಪೇರಿಯ ಅಂಗಡಿ, ಮೇಲೆ ಮನೆ. ಬಾಗಿಲ ತುಂಬ ಬಿಚ್ಚಿಟ್ಟ ಯಂತ್ರಗಳು. ಹಬೀಬ್ ಇವನನ್ನು ನೋಡಿದ್ದೇ ಗಡಬಡಿಸಿ ಎದ್ದು, ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿ, ಅದೇ ಬಟ್ಟೆಯ ಚೊಕ್ಕಟ ಭಾಗದಿಂದ ಸ್ಟೂಲು ಒರೆಸಿದರು. ಐವತ್ತರ ಸುಮಾರಿನ ಸಣಕಲು ಮನುಷ್ಯ. ಆ ಸ್ಟೂಲಿನ ಮೇಲೆ ಕೂರುವಾಗ ರಾಜಶೇಖರನಿಗೆ ಇಲ್ಲಿಂದಲೇ ಓಡಿಹೋಗಬೇಕೆನ್ನಿಸಿತು.

“ಸರ್, ನೀವ್ಯಾಕೆ ಬರೋಕ್ಕೋದ್ರಿ? ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ” ಎಂದರು ಹಬೀಬ್.

“ಇಲ್ಲ, ಒಂದು ವಿಷಯ ಹೇಳ್ಬೇಕಿತ್ತು. ಸೋಮವಾರ ಆಗಿದ್ದು...”

“ಗೊತ್ತು ಸರ್, ಗೊತ್ತು. ನನಗೆ ಮುಖ ಎತ್ತೋಕಾಗ್ತಿಲ್ಲ. ನಮ್ಮನೇಲಿ ಯಾರೂ ಹಂಗೆ ಮಾಡಿದೋರಲ್ಲ. ಅವಳ ಫೋನ್ ಕಿತ್ಕೊಂಡೆ, ಟ್ಯೂಷನ್ ಬೇಡ ಅಂದ್ಬಿಟ್ಟೆ. ಸೈನ್ಸ್ ಬಿಡಿಸಿ ಕಾಮರ್ಸಿಗೆ ಹಾಕ್ತೀನಿ ಅಂತ ಕಾಲೇಜಲ್ಲೂ ಮಾತಾಡಿದೀನಿ. ನಾಳೆ ಬನ್ನಿ ಅಂದವ್ರೆ.”

“ನಾಳೆನಾ?” ಎಂದ ರಾಜಶೇಖರ. “ಬೇಡ, ಬೇಡ. ಅದೆಲ್ಲ ಮಾಡ್ಬೇಡಿ. ಅವಳು ಬಹಳ ಜಾಣೆ. ನನ್ನ ಇಪ್ಪತ್ತು ವರ್ಷದ ಸರ್ವಿಸಲ್ಲಿ ಅಂಥ ಹುಡುಗೀನ ನೋಡಿಲ್ಲ.”

“ಜಾಣತನ ಇರ್ಲಿ ಸರ್, ನಿಯತ್ತು ಬೇಕಲ್ವಾ? ಮಾಡ್ದೇ ಇರೋದನ್ನ ಮಾಡ್ದೆ ಅಂತ ಮೇಷ್ಟ್ರಿಗೇ ಹೇಳ್ತಾಳೆ ಅಂದ್ರೆ, ನಾಳೆ ನಮಗೆ ಏನ್ ಹೇಳಲ್ಲ? ಅದಕ್ಕೇ ನನಗೆ ಭಯ.”

ಹಬೀಬ್ ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ನೊಂದುಕೊಂಡು ಹೇಳಿದರು. ಈಗ, ಇದೇ ಗಳಿಗೆ. ಮೂರು ಪದ ಸಾಕು: ಮಾಡದೆ ಮಾಡಿದೆನೆಂದದ್ದು ನಾನು. ಬಾಯಲ್ಲಿ ವಾಕ್ಯ ಸಿದ್ಧವಾಗಿತ್ತು, ಕ್ರಿಯಾಪದದ ಸಮೇತ. ಆದರೆ ಆ ಎಣ್ಣೆ ಕೈಗಳು, ಒರೆಸಿಕೊಟ್ಟ ಸ್ಟೂಲು, ‘ಸರ್’ ಎನ್ನುವಾಗ ತಗ್ಗುವ ದನಿ ಇವೆಲ್ಲ ಮುಂದಿನ ಕ್ಷಣದಲ್ಲಿ ಏನಾಗುತ್ತವೆ ಎಂದು ಅವನು ಕಂಡುಬಿಟ್ಟ. ಆ ಮನುಷ್ಯ ಬೈಯುವುದಿಲ್ಲ. ಸುಮ್ಮನೆ ನೋಡುತ್ತಾನೆ. ಮಗಳಿಗೆ ಹೊಡೆದಿದ್ದರೆ ಆ ಹೊಡೆತವನ್ನು ನೆನೆಯುತ್ತ ನೋಡುತ್ತಾನೆ.

ಅಷ್ಟರಲ್ಲಿ ಮಹಡಿಯಿಂದ ಹುಡುಗಿಯ ತಾಯಿ ಸಾಲೇಹಾ ಚಹಾ ತಂದರು. ತಟ್ಟೆಯಲ್ಲಿ ಉಪ್ಪು ಬಿಸ್ಕತ್ತು. “ದೊಡ್ಡ ಮನಸ್ಸು ಮಾಡಿ ಸರ್,” ಎಂದರು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು. “ಮಗು ಸರಿಯಾಗಿ ಊಟ ಮಾಡ್ತಿಲ್ಲ. ನೀವು ಮಾಫ್ ಮಾಡಿದ್ರೆ ಇವರು ಕಳಿಸ್ತಾರೆ. ನಿಮ್ಮ ಮಾತು ಒಂದೇ ಇವರು ಕೇಳೋದು.”

ಹಬೀಬ್ ಗಂಡಸಿನ ಠೀವಿಯಿಂದ, “ಸರ್ ಮಾಫ್ ಮಾಡಿದ್ರೆ ನಂದೇನಿಲ್ಲ” ಎಂದರು.

ಹೀಗೂ ಒಂದು ದಾರಿ ಇದೆಯಲ್ಲ ಎಂದು ರಾಜಶೇಖರನಿಗೆ ಹೊಳೆದದ್ದು ಆಗಲೇ. ಹೊಳೆದದ್ದೇ ಮನಸ್ಸು ವಕೀಲನಂತೆ ವಾದ ಹೂಡಿತು. ಬೇಕಾಗಿರುವುದೇನು? ಹುಡುಗಿ ಗಣಿತದಲ್ಲಿ ಉಳಿಯುವುದು. ಕ್ಷಮಿಸಿದೆ ಎಂದರೆ ಉಳಿಯುತ್ತಾಳೆ. ನಿಜ ಹೇಳಿದರೂ ಉಳಿಯುತ್ತಾಳೆ, ಆದರೆ ಇಂಥ ಮೇಷ್ಟ್ರ ಹತ್ತಿರ ಅಪ್ಪ ಕಳಿಸುತ್ತಾನೆಯೇ? ಕಳಿಸದಿದ್ದರೆ ಅವಳಿಗೆ ಹೇಳಿಕೊಡುವವರು ಯಾರು? ಅವಳ ಒಳ್ಳೆಯದಕ್ಕೇ ಅಲ್ಲವೇ? ಒಳಗಿನಿಂದ ಇನ್ನೊಂದು ದನಿ ‘ಥೂ’ ಎಂದಿತು. ಅದು ಉಗಿದದ್ದು ಸ್ಪಷ್ಟವಾಗಿ ಕೇಳಿಸಿದರೂ ಅವನು ಚಹಾದ ಲೋಟ ಎತ್ತಿಕೊಂಡ.

“ಬುಷ್ರಾ, ನೀಚೆ ಆ” ಎಂದು ಕೂಗಿದರು ಹಬೀಬ್.

ಅವಳು ಮೆಟ್ಟಿಲಿಳಿದು ಬಂದು ಯಂತ್ರಗಳ ನಡುವೆ ನಿಂತಳು. ಆರು ದಿನದಲ್ಲಿ ಮುಖ ಸಣ್ಣಗಾಗಿತ್ತು. ರಾಜಶೇಖರ ಚೀಲದಿಂದ ನೋಟ್‌ಬುಕ್ಕು ತೆಗೆದು ಮುಂದೆ ಚಾಚಿದಾಗ ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಪ್ಪ ಉರ್ದುವಿನಲ್ಲಿ ಏನೋ ಗದರಿದರು. ಅವಳು ಒಂದು ಸಲ ರಾಜಶೇಖರನ ಕಡೆ ನೋಡಿದಳು. ಅವನು ಈಗಲಾದರೂ ಏನಾದರೂ ಹೇಳುತ್ತಾನೆಯೇ ಎಂದು ಕಾಯುವ ನೋಟ. ಅವನು ಲೋಟದಲ್ಲಿ ಕೆನೆ ಕಟ್ಟುತ್ತಿದ್ದುದನ್ನು ನೋಡಿದ.

“ಸಾರಿ ಸರ್,” ಎಂದಳು. “ಫೋನಲ್ಲಿ ನೋಡಿ ಬರೆದಿದ್ದು ತಪ್ಪಾಯ್ತು. ಇನ್ಮೇಲೆ ಮಾಡಲ್ಲ.”

ಪಾಠ ಒಪ್ಪಿಸಿದ ಹಾಗೆ, ಒಂದಕ್ಷರ ತಪ್ಪದೆ ಹೇಳಿದಳು. ಮಹಡಿಯಲ್ಲಿ ಎಷ್ಟು ಸಲ ಹೇಳಿಸಿದ್ದರೋ. ಹಬೀಬ್ ಇವನ ಮುಖ ನೋಡುತ್ತಿದ್ದರು, ಸಾಲೇಹಾ ನೋಡುತ್ತಿದ್ದರು.

“ಇರ್ಲಿ ಬಿಡಮ್ಮ,” ಎಂದ ರಾಜಶೇಖರ. ತನ್ನ ದನಿ ಎಷ್ಟು ದೊಡ್ಡತನದಿಂದ ಹೊರಟಿತೆಂದು ಕೇಳಿ ಅವನಿಗೇ ಗಾಬರಿಯಾಯಿತು. “ಮಕ್ಕಳು ಅಂದ್ಮೇಲೆ ಆಗುತ್ತೆ.”

ಹಬೀಬ್ ನಿಟ್ಟುಸಿರು ಬಿಟ್ಟು ಕಣ್ಣೊರೆಸಿಕೊಂಡರು. ಚಹಾ ಕುಡಿಯಲೇಬೇಕಾಯಿತು, ಬಿಸ್ಕತ್ತು ತಿನ್ನಲೇಬೇಕಾಯಿತು. ಕಾಲೇಜಿಗೆ ನಾಳೆ ಹೋಗುವುದಿಲ್ಲವೆಂದು ಅವರು ಎರಡು ಸಲ ಹೇಳಿದರು. ಎದ್ದಾಗ, “ಸರ್‌ನ ರೋಡ್ ತನಕ ಬಿಟ್ಟು ಬಾ” ಎಂದು ಮಗಳನ್ನು ಕಳಿಸಿದರು.

ಇಬ್ಬರೂ ಅಡ್ಡರಸ್ತೆಯಲ್ಲಿ ನಡೆದರು. ಒಂದು ಸೈಕಲ್ಲಿನವನಿಗೆ ದಾರಿ ಬಿಡಲು ಗೋಡೆಗೆ ಸರಿದು ನಿಂತಾಗ ಬುಷ್ರಾ, “ಸರ್, ಫ್ಯಾಕ್ಟರ್ಸ್ ಸಿಕ್ತು” ಎಂದಳು. ದನಿಯಲ್ಲಿ ಕೊಂಕಿರಲಿಲ್ಲ, ಇಷ್ಟು ದಿನ ಹೇಳಲು ಯಾರೂ ಸಿಗದೆ ಕೂಡಿಟ್ಟುಕೊಂಡದ್ದು ತಡೆಯಲಾರದೆ ಹೊರಬಂದಿತ್ತು. “ಐನೂರ ಎಪ್ಪತ್ತೇಳು ಇಂಟು ಸಾವಿರದ ಏಳ್ನೂರ ಮೂವತ್ಮೂರು.”

“ಗೊತ್ತು” ಎಂದುಬಿಟ್ಟ ರಾಜಶೇಖರ.

ಅವಳು ನಿಂತಳು. ಗೊತ್ತಿದ್ದೂ ಸ್ಟೂಲಿನ ಮೇಲೆ ಕೂತು ತನ್ನ ಸಾರಿ ಕೇಳಿಸಿಕೊಂಡರು ಎನ್ನುವುದು ಅವಳ ಮುಖದಲ್ಲಿ ನಿಧಾನವಾಗಿ ಇಳಿಯುತ್ತಿದ್ದುದನ್ನು ಅವನು ನೋಡಿದ. ಬೈದಿದ್ದರೆ, ಅತ್ತಿದ್ದರೆ, ಓಡಿಹೋಗಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ನೋಟವನ್ನು ಇವನ ಮುಖದಿಂದ ತೆಗೆದು ಎದುರಿನ ಗೋಡೆಯ ಮೇಲಿಟ್ಟಳು. ನಾಚಿಕೆ ಪಡಬೇಕಾದವಳು ತಾನೇ ಎಂಬಂತೆ ಕಿವಿಯೆಲ್ಲ ಕೆಂಪಾಗಿತ್ತು.

“ಐನೂರ ಎಪ್ಪತ್ತೇಳರಲ್ಲಿ ನಿಮಗೆ ಕೈತಪ್ಪಾಗಿರ್ಬೇಕು ಸರ್,” ಎಂದಳು ಕೊನೆಗೆ. “ನೂರ ಅರವತ್ತೆಂಟು ಮಾಡೋವಾಗ ಒಂದು ತಪ್ಪೋದು ದೊಡ್ಡದಲ್ಲ. ಜ್ವರ ಬೇರೆ ಇತ್ತಲ್ವಾ ನಿಮಗೆ.”

“ಹೌದು,” ಎಂದ. “ಕೈತಪ್ಪು.”

“ನಾನು ಯಾರಿಗೂ ಹೇಳಲ್ಲ ಸರ್.”

ಮುಖ್ಯರಸ್ತೆ ಬಂದಿತ್ತು. ಅವನು ಏನೋ ಹೇಳಲು ತಡಕಾಡಿ, “ನಾಳೆ ಐದೂವರೆಗೆ ಬಾ” ಎಂದ. ಅವಳು ತಲೆಯಾಡಿಸಿ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದವಳು ಮತ್ತೆ ತಿರುಗಿದಳು.

“ಮುಂದಿನ ಬ್ಯಾಚಿಗೆ ಬೇರೆ ನಂಬರ್ ಬೇಕಾಗುತ್ತಲ್ವಾ ಸರ್? ನಾನು ಹುಡುಕಿ ಕೊಡ್ಲಾ?” ಎಂದಳು. “ನೂರ ಅರವತ್ತೆಂಟನ್ನೂ ನಾನೇ ಮಾಡಿ ನೋಡ್ತೀನಿ. ನೀವು ಬರೀ ಬೋರ್ಡ್ ಮೇಲೆ ಬರೀರಿ.”

“ಆಯ್ತಮ್ಮ” ಎಂದ ರಾಜಶೇಖರ.